ಹಲ್ಲು ಕೀಳಿಸಿದ ಮೇಲೆ ಹೆಕ್ಸಿಡಿನ್: ಬಳಸುವ ಮುನ್ನ ಗೊತ್ತಿರಲಿ
ಮುಂಬಯಿ ಕಡೆಯ ಮಾಟುಂಗ ಇರಲಿ, ಡೊಂಬಿವಲಿ ಇರಲಿ, ಮೆಡಿಕಲ್‌ನಲ್ಲಿ ಸುಲಭವಾಗಿ ಸಿಗುವ ಮೌತ್‌ವಾಶ್ ಇದು. ಒಳಗಿರುವುದು 0.2% ಕ್ಲೋರ್‌ಹೆಕ್ಸಿಡಿನ್, ಬಾಯಿಯ ಸೂಕ್ಷ್ಮಾಣು ಕೊಲ್ಲುವ ಔಷಧ. ಒಸಡಿಗೆ ಹೊಲಿಗೆ ಬಿದ್ದು ಬ್ರಶ್ ತಾಗಿಸಲಾಗದ ದಿನಗಳಲ್ಲಿ ಇಷ್ಟು ನೆಚ್ಚಬಹುದಾದ ದ್ರವ ಇನ್ನೊಂದಿಲ್ಲ.

ಆದರೆ ಮೊದಲ 24 ಗಂಟೆ ಬಾಟಲಿ ಮುಟ್ಟಲೇಬೇಡಿ. ಹಲ್ಲು ಕಿತ್ತ ಗುಳಿಯಲ್ಲಿ ಕಟ್ಟಿದ ಕಡುಗೆಂಪು ರಕ್ತದ ಹೆಪ್ಪೇ ಒಳಗಿನ ಎಲುಬಿಗೆ ಮುಚ್ಚಳ. ಜೋರಾಗಿ ಮುಕ್ಕಳಿಸಿದರೆ, ಉಗಿದರೆ, ಸ್ಟ್ರಾದಲ್ಲಿ ಎಳನೀರು ಹೀರಿದರೆ ಅದು ಕಿತ್ತುಬರಬಹುದು. ಆಮೇಲೆ ಎರಡು-ಮೂರು ದಿನಕ್ಕೆ ಕಿವಿಯವರೆಗೆ ಸಿಡಿಯುವ ನೋವು, ಅದೇ ಡ್ರೈ ಸಾಕೆಟ್. ಅದಕ್ಕೆ ಈ ಬಾಟಲಿ ಮದ್ದಲ್ಲ, ಡೆಂಟಿಸ್ಟರ ಬಳಿಗೇ ಹೋಗಬೇಕು.

ಮರುದಿನದಿಂದ 10 ಮಿಲಿ, ದಿನಕ್ಕೆರಡು ಸಲ, ಒಂದು ನಿಮಿಷ. ತಲೆ ವಾಲಿಸಿ ಗಾಯದ ಮೇಲೆ ಹರಿಸಿ, ಬಾಯಿ ತೆರೆದು ಸಿಂಕಿಗೆ ತಾನಾಗಿ ಬೀಳಲು ಬಿಡಿ. ಪೇಸ್ಟಿನ ನೊರೆ ಇದರ ಶಕ್ತಿ ಕುಂದಿಸುತ್ತದೆ. ಬ್ರಶ್ ಮಾಡಿ ಅರ್ಧ ಗಂಟೆ ಬಿಟ್ಟು ಬಳಸಿ. ಊಟದ ನಂತರ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಸಾಕು.

ಇದರ ದೊಡ್ಡ ಕೊರತೆ ಹಲ್ಲಿನ ಕಲೆ. ಚಹಾ, ಫಿಲ್ಟರ್ ಕಾಫಿ ಬಿಡದವರ ಹಲ್ಲು ಬೇಗ ಕಂದಾಗುತ್ತದೆ, ನಾಲಿಗೆಯ ರುಚಿಯೂ ಮಂಕಾಗುತ್ತದೆ. ವೈದ್ಯರು ಹೇಳದ ಹೊರತು ಎರಡು ವಾರ ದಾಟಿಸಬೇಡಿ. ಕಲೆ ಕ್ಲೀನಿಂಗ್‌ನಲ್ಲಿ ಹೋಗುತ್ತದೆ.