ನಿಫ್ಟಿಯ ಏರಿಕೆಯಲ್ಲಿ ಎಷ್ಟು ಷೇರುಗಳ ಪಾಲಿದೆ? ಮೂರು ಅಳತೆಗಳ ಹೋಲಿಕೆ

ರಾಷ್ಟ್ರೀಯ ಷೇರುಪೇಟೆಯ ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50 ಸೂಚ್ಯಂಕದಲ್ಲಿ ಮೊದಲ ಹತ್ತು ಕಂಪನಿಗಳ ತೂಕವೇ (ಸೂಚ್ಯಂಕದ ಲೆಕ್ಕದಲ್ಲಿನ ಪಾಲು) ಅರ್ಧಕ್ಕಿಂತ ಹೆಚ್ಚಿರುವುದರಿಂದ, ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್ ಮತ್ತು ರಿಲಯನ್ಸ್ ಚೆನ್ನಾಗಿ ಏರಿದ ದಿನ ಉಳಿದ ಬಹುಪಾಲು ಷೇರುಗಳು ಇಳಿದಿದ್ದರೂ ಸೂಚ್ಯಂಕ ಏರಿಕೆಯಲ್ಲೇ ಮುಗಿಯಬಹುದು. ಪೇಟೆಯ ಒಳಗಿನ ಸ್ಥಿತಿಯನ್ನು ತಿಳಿಯಲು ನಾನು ಮೂರು ಅಳತೆಗಳನ್ನು ಒಟ್ಟೊಟ್ಟಿಗೆ ಬಳಸಿ ನೋಡಿದ್ದೇನೆ.

ಏರಿದ ಷೇರುಗಳ ಸಂಖ್ಯೆಯಿಂದ ಇಳಿದವುಗಳನ್ನು ಕಳೆದು, ಬಂದದ್ದನ್ನು ಹಿಂದಿನ ದಿನದ ಮೊತ್ತಕ್ಕೆ ಕೂಡಿಸುತ್ತ ಹೋಗುವ ಅಡ್ವಾನ್ಸ್–ಡಿಕ್ಲೈನ್ ರೇಖೆ ಎಲ್ಲಕ್ಕಿಂತ ಸುಲಭ, ಚುರುಕು ಕೂಡ. ಆದರೆ ಹತ್ತು ಪೈಸೆ ಏರಿದ ಷೇರಿಗೂ ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಮುಟ್ಟಿದ ಷೇರಿಗೂ ಇಲ್ಲಿ ಒಂದೇ ಲೆಕ್ಕ. ವಹಿವಾಟೇ ಇಲ್ಲದಂಥ ಪುಡಿ ಷೇರುಗಳೂ ಲೆಕ್ಕಕ್ಕೆ ಸೇರುತ್ತವೆ. ಲೆಕ್ಕವನ್ನು ಐನೂರು ಕಂಪನಿಗಳ ಸೂಚ್ಯಂಕವಾದ ನಿಫ್ಟಿ 500ಕ್ಕೆ ಸೀಮಿತಗೊಳಿಸಿದಾಗ ಮಾತ್ರ ಅದು ನನಗೆ ಉಪಯೋಗಕ್ಕೆ ಬಂದಿತು.

ಐವತ್ತೂ ಕಂಪನಿಗಳಿಗೆ ಸಮಾನ ತೂಕ ಕೊಡುವ ನಿಫ್ಟಿ 50 ಈಕ್ವಲ್ ವೇಯ್ಟ್ ಸೂಚ್ಯಂಕವನ್ನು ಮೂಲ ನಿಫ್ಟಿಯಿಂದ ಭಾಗಿಸಿ ನೋಡುವುದು ಎರಡನೆಯ ದಾರಿ. ಐವತ್ತರೊಳಗಿನ ಅಸಮತೋಲನವನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆಯಾದರೂ ಐವತ್ತರ ಹೊರಗಿನದು ಇದಕ್ಕೆ ಕಾಣುವುದೇ ಇಲ್ಲ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಮೂರನೆಯದನ್ನು: ನಿಫ್ಟಿ 500ರಲ್ಲಿ ಶೇಕಡಾ ಎಷ್ಟು ಷೇರುಗಳು ತಮ್ಮ 200 ದಿನಗಳ ಸರಾಸರಿ ಬೆಲೆಗಿಂತ ಮೇಲಿವೆ ಎಂಬುದು. 2018ರ ಆಗಸ್ಟ್‌ನಲ್ಲಿ ನಿಫ್ಟಿ 11,700 ದಾಟಿ ದಾಖಲೆ ಬರೆದಾಗಲೂ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ (ಮಧ್ಯಮ ಹಾಗೂ ಸಣ್ಣ ಕಂಪನಿಗಳ) ಸೂಚ್ಯಂಕಗಳು ಆ ವರ್ಷದ ಜನವರಿಯ ಎತ್ತರಕ್ಕೆ ಮರಳಿರಲಿಲ್ಲ. ಇಂಥ ಬಿರುಕನ್ನು ಹಿಡಿಯುವುದಕ್ಕೆ ಬೇಕಾದ ಅಗಲ ಇರುವುದು ಈ ಅಳತೆಗೇ. ಇದು ನಿಧಾನ, ನಿಜ. 2020ರ ಮಾರ್ಚ್‌ನಂಥ ಹಠಾತ್ ಕುಸಿತದಲ್ಲಿ ಮುನ್ಸೂಚನೆಯನ್ನು ಇದರಿಂದ ನಿರೀಕ್ಷಿಸಬಾರದು. ದೀರ್ಘಾವಧಿ ಹೂಡಿಕೆದಾರರಿಗೆ ಆ ನಿಧಾನವೇ ಅನುಕೂಲ ಎಂದು ನನ್ನ ಅಭಿಪ್ರಾಯ.

ಆದರೆ ಇದನ್ನು ಸ್ವಂತವಾಗಿ ಲೆಕ್ಕ ಹಾಕುವವರು ಎರಡು ಕಡೆ ಎಚ್ಚರ ವಹಿಸಬೇಕು. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ 1:1 ಬೋನಸ್ (ಇದ್ದ ಪ್ರತಿ ಷೇರಿಗೆ ಇನ್ನೊಂದು ಉಚಿತ) ಕೊಟ್ಟಾಗ ಷೇರಿನ ಬೆಲೆ ಸುಮಾರು ಅರ್ಧಕ್ಕಿಳಿಯಿತು. ಹಳೆಯ ಬೆಲೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ, ಯಾರೂ ನಷ್ಟ ಅನುಭವಿಸದಿದ್ದರೂ ಆ ಷೇರು ಸರಾಸರಿಗಿಂತ ಎಷ್ಟೋ ಕೆಳಗೆ ಬಿದ್ದಂತೆ ಕಾಣುತ್ತದೆ. ಎರಡನೆಯದಾಗಿ, ನಿಫ್ಟಿ 500ರ ಪಟ್ಟಿ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ಇಂದಿನ ಪಟ್ಟಿಯನ್ನೇ ಹಿಡಿದು 2018ರ ಲೆಕ್ಕ ಮಾಡಿದರೆ, ನಡುವೆ ಸೊರಗಿ ಹೊರಬಿದ್ದ ಕಂಪನಿಗಳು ಎಣಿಕೆಗೇ ಬರುವುದಿಲ್ಲ, ಅಂದಿನ ಪೇಟೆ ಇದ್ದುದಕ್ಕಿಂತ ಆರೋಗ್ಯವಾಗಿತ್ತೆಂದು ತೋರುತ್ತದೆ. ಹಳೆಯ ಪಟ್ಟಿಗಳನ್ನು ಕಲೆಹಾಕುವ ತಾಳ್ಮೆ ಇಲ್ಲದವರಿಗೆ, ಹಿಂದಿನ ವರ್ಷಗಳ ಮಟ್ಟಿಗೆ, ಎರಡನೆಯ ಅಳತೆಯೇ ಸುರಕ್ಷಿತ.