ದಶಾಜ್ಞೆ ಫಲಕ: ದೀಪ ಕೊಟ್ಟಿದ್ದಾರೆ, ವಿಗ್ರಹದ ಮಾತು ಬಿಟ್ಟಿದ್ದಾರೆ

ಐದರಲ್ಲಿ ಎರಡು ನಕ್ಷತ್ರ. ಅದರಲ್ಲಿ ಒಂದು ಪ್ಯಾಕಿಂಗ್‌ಗೆ. ದಶಾಜ್ಞೆ, ಅಂದರೆ ಬೈಬಲಿನಲ್ಲಿ ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳನ್ನು ಕೆತ್ತಿದ ಗೋಡೆ ಫಲಕ ಇದು.

ಮೊದಲು ಮರದ ವಿಷಯ. ಜಾಹೀರಾತಿನಲ್ಲಿ ಸಾಗುವಾನಿ ಎಂದಿದೆ, ಬಂದದ್ದು ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಗೆ ಅಂಟಿಸಿದ ಸಾಗುವಾನಿಯ ತೆಳು ಪದರ. 1,250 ರೂಪಾಯಿಗೆ ಇನ್ನೇನು ಬರುತ್ತದೆ, ಹೋಗಲಿ. ಅಕ್ಷರಗಳನ್ನು ಲೇಸರ್‌ನಲ್ಲಿ ಸುಟ್ಟು ಕೆತ್ತಿದ್ದಾರೆ. ಸಾಲುಗಳ ನಡುವೆ ಜಾಗ ಬಿಡದ ಕಾರಣ ‘ನರಹತ್ಯೆ’ಯ ಯಕಾರದ ಒತ್ತು ಕೆಳಗಿನ ‘ವ್ಯಭಿಚಾರ’ದ ತಲೆಗೆ ಹೋಗಿ ತಾಗಿದೆ. ಕನ್ನಡ ಓದಬಲ್ಲವರು ಒಬ್ಬರು ಒಮ್ಮೆ ಕಣ್ಣಾಡಿಸಿದ್ದರೆ ಸಾಕಿತ್ತು.

ಮಂಗಳೂರಿನ ನಮ್ಮ ಪ್ರೊಟೆಸ್ಟಂಟ್ ಸಭೆಯ ಭಾನುವಾರ ಶಾಲೆಯ ಗೋಡೆಗೆಂದು ತರಿಸಿದ್ದು. ತೆರೆದು ನೋಡಿದರೆ ಫಲಕದಲ್ಲಿ ಮೂಡಿಸಿದ ಎರಡು ಕಲ್ಲುಗಳ ಪೈಕಿ ಎಡಗಲ್ಲಿನಲ್ಲಿ ಮೂರು ಆಜ್ಞೆ, ಬಲಗಲ್ಲಿನಲ್ಲಿ ಏಳು. ಇದು ಕಥೋಲಿಕರ ಎಣಿಕೆ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿಗೆ ಸಂಖ್ಯೆ ಇಲ್ಲ. ಸಂತ ಅಗಸ್ಟೀನರ ದಾರಿ ಹಿಡಿದ ಕಥೋಲಿಕರೂ ಲೂಥರನ್ನರೂ ಅನ್ಯದೇವರು ಇರಬಾರದೆಂಬ ಮಾತನ್ನು, ವಿಗ್ರಹ ಮಾಡಬಾರದೆಂಬ ಮಾತನ್ನು ಕೂಡಿಸಿ ಒಂದೆನ್ನುತ್ತಾರೆ, ಪರರದ್ದಕ್ಕೆ ಆಶೆಪಡಬಾರದೆಂಬ ಕೊನೆಯ ಆಜ್ಞೆಯನ್ನು ಎರಡು ಮಾಡುತ್ತಾರೆ. ನಮ್ಮಲ್ಲಿ ವಿಗ್ರಹದ್ದೇ ಎರಡನೆಯದು, ಹಂಚಿಕೆ ನಾಲ್ಕು ಮತ್ತು ಆರು. ಎಣಿಕೆಗಾಗಿ ನಾನು ಜಗಳಕ್ಕೆ ನಿಲ್ಲುವವನಲ್ಲ.

ಆದರೆ ಕೂಡಿಸುವ ನೆಪದಲ್ಲಿ ಫಲಕದವರು ವಿಗ್ರಹದ ವಾಕ್ಯವನ್ನೇ ನುಂಗಿದ್ದಾರೆ. ಬೇರೆ ದೇವರು ಇರಬಾರದು ಎಂದಾದ ಮೇಲೆ ನೇರವಾಗಿ ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂಬುದಕ್ಕೆ ಹಾರಿದೆ. ಕಥೋಲಿಕರ ಬೈಬಲಿನಲ್ಲೂ ಆ ವಾಕ್ಯ ಪೂರ್ತಿಯಾಗಿಯೇ ಇದೆ, ಬಾಯಿಪಾಠದ ಚಿಕ್ಕ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಪಕ್ಕದ ಮನೆಯ ಕೊಂಕಣಿ ಕಥೋಲಿಕ ಅಮ್ಮನವರೂ ನೋಡಿ, “ನಮಗೆ ಇದು ಸರಿಯೇ ಟೀಚರ್, ಆದರೂ ಇಷ್ಟು ದುಡ್ಡು ತೆಗೆದುಕೊಂಡು ಪೂರ್ತಿ ಬರೆಯಬಾರದಿತ್ತೇ?” ಎಂದರು.

ಆ ವಾಕ್ಯವೇ ಏಕೆ ಬೇಕು? ಮೋಶೆಯ ಅಣ್ಣ ಆರೋನನು ಚಿನ್ನದ ಕರುವನ್ನು ಮಾಡಿ ಜನರಿಗೆ ಸಾರಿದ್ದು ನಾಳೆ ಯೆಹೋವನಿಗೆ ಹಬ್ಬ ಎಂದು. ಅನ್ಯದೇವರಾದ ಬಾಳನಿಗೆ ಅಲ್ಲ, ತಮ್ಮ ದೇವರಾದ ಯೆಹೋವನಿಗೆ! ಬೇರೆ ದೇವರ ಹೆಸರೆತ್ತದೆಯೂ ತಪ್ಪಬಹುದು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಈ ಫಲಕವನ್ನು ತೂಗುಹಾಕಿ ಆ ಪಾಠ ಮಾಡಿದರೆ, ಮೊದಲ ಸಾಲಿನಲ್ಲಿ ಕೂತ ಹುಡುಗಿ ಅದು ಎಲ್ಲಿ ಬರೆದಿದೆ ಎಂದು ಕೇಳದೆ ಬಿಡುವವಳಲ್ಲ.

ಇನ್ನು ಉಚಿತ ಉಡುಗೊರೆ. ಪೆಟ್ಟಿಗೆಯಲ್ಲಿ ಬ್ಯಾಟರಿ ದೀಪ, ಮಾಲೆ ಹಾಕಲು ಹಿತ್ತಾಳೆಯ ಕೊಕ್ಕೆ, ಜೊತೆಗೊಂದು ಚೀಟಿ: ಪ್ರತಿದಿನ ದೀಪ ಬೆಳಗಿಸಿ, ಹೂವು ಏರಿಸಿ, ಆಶೀರ್ವಾದ ಪಡೆಯಿರಿ. ಅಂಗಡಿಯ ಎಲ್ಲ ಫೋಟೊಗಳಿಗೂ ಇದೇ ಚೀಟಿ ಇರಬೇಕು. ನಾನಂತೂ ಗಟ್ಟಿಯಾಗಿ ನಕ್ಕೆ. ಮೋಶೆ ದೇವರ ಅಪ್ಪಣೆಯಂತೆಯೇ ಮಾಡಿದ ತಾಮ್ರದ ಸರ್ಪಕ್ಕೆ ಮುಂದೆ ಜನ ಧೂಪ ಹಾಕತೊಡಗಿದಾಗ ಹಿಜ್ಕೀಯ ಅರಸನು ಅದನ್ನು ಚೂರುಚೂರು ಮಾಡಿದನು. ದಶಾಜ್ಞೆಗೇ ಆರತಿ ಎತ್ತಿಸಲು ಹೊರಟವರನ್ನು ಕಂಡಿದ್ದರೆ ಏನನ್ನುತ್ತಿದ್ದನೋ.

ಫೋನ್ ಮಾಡಿದೆ. ಹುಡುಗ ಮರ್ಯಾದೆಯಿಂದಲೇ ಮಾತನಾಡಿದ: ವಿನ್ಯಾಸ ಒಂದೇ ಇದೆ ಸರ್, ಹಣ ವಾಪಸು ಬರುವುದಿಲ್ಲ, ದೀಪ ಬೇಡವಾದರೆ ಯಾರಿಗಾದರೂ ಕೊಡಿ. ಯಾವ ಎಣಿಕೆ ಎಂಬುದನ್ನು ವಿವರದಲ್ಲಾದರೂ ಹಾಕಿ ಎಂದೆ. ಇನ್ನೂ ಹಾಕಿಲ್ಲ.

ಮೂರು–ಏಳರ ಚಿಕ್ಕ ಪಟ್ಟಿಯೇ ಬೇಕಾದವರು ಕೊಳ್ಳಬಹುದು, ಒತ್ತಕ್ಷರಗಳನ್ನು ಸಹಿಸಿಕೊಳ್ಳಿ. ಉಳಿದವರು ಊರಿನ ಬೋರ್ಡ್ ಬರೆಯುವವರನ್ನು ಹಿಡಿಯಿರಿ. ನಾನು ಈಗ ಅಲ್ಲಿಯೇ ಕೊಟ್ಟಿದ್ದೇನೆ, ವಿಗ್ರಹದ ಮಾತಿರುವ 4ರಿಂದ 6ನೆಯ ವಚನದವರೆಗೆ ಒಂದಕ್ಷರವೂ ಬಿಡದೆ ಬರೆಯಲು ಹೇಳಿ.