ರಾಸ್‌ಬೆರಿ ಪೈಗೆ 2 ಇಂಚಿನ ಬಣ್ಣದ ಪರದೆ: ಬಳಸಿ ಕಂಡದ್ದು

ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಲೆಂದು ತರಿಸಿಕೊಂಡ, ಚಿತ್ರ ಮೂಡಿಸುವ ಎಸ್‌ಟಿ 7789 ಚಿಪ್ ಇರುವ 2 ಇಂಚಿನ ಐಪಿಎಸ್ (ಒಂದು ಬಗೆಯ ಎಲ್‌ಸಿಡಿ) ಪರದೆಯನ್ನು ಎರಡು ತಿಂಗಳಿಂದ ಬಳಸುತ್ತಿದ್ದೇನೆ. 240×320 ಪಿಕ್ಸೆಲ್‌ಗಳ ಈ ಪುಟ್ಟ ಪರದೆಯಲ್ಲಿ ಬಣ್ಣಗಳು ಗಾಢವಾಗಿವೆ. ಓರೆಯಿಂದ ನೋಡಿದರೂ ಮಾಸುವುದಿಲ್ಲ.

ಜೋಡಣೆಗೆ ಮಾತ್ರ ಎಚ್ಚರ ಬೇಕು. ಬೋರ್ಡಿನ ಮೇಲೆ ಎಸ್‌ಡಿಎ, ಎಸ್‌ಸಿಎಲ್ ಎಂದು ಅಚ್ಚಾಗಿರುವುದನ್ನು ಕಂಡು ಇದು ಆ ಹೆಸರಿನ ಎರಡು ತಂತಿಗಳಲ್ಲಿ ಮಾಹಿತಿ ಸಾಗಿಸುವ ಐ2ಸಿ ವಿಧಾನದ ಸಾಧನವೆಂದು ಭಾವಿಸಿ, ಮೊದಲ ಸಂಜೆಯನ್ನೆಲ್ಲ ತಪ್ಪು ಪಿನ್‌ಗಳಲ್ಲೇ ಕಳೆದೆ. ವಾಸ್ತವವಾಗಿ ಇದು ಎಸ್‌ಪಿಐ ಎಂಬ ಬೇರೆ ವಿಧಾನದ ಪರದೆ. ಎಸ್‌ಡಿಎ ತಂತಿ ಪೈನ 19ನೇ ಪಿನ್‌ಗೆ, ಎಸ್‌ಸಿಎಲ್ ತಂತಿ 23ನೇ ಪಿನ್‌ಗೆ ಹೋಗಬೇಕು. ಮಾರಿದವರು ಇದನ್ನು ತಿಳಿಸುವ ಒಂದು ಚೀಟಿಯನ್ನಾದರೂ ಇಡಬೇಕಿತ್ತು. ಸಂಪರ್ಕ ಸರಿಯಾದ ಮೇಲೆ ಕಪ್ಪು ಹಿನ್ನೆಲೆ ಬಿಳಿಯಾಗಿ ಕಂಡಿತು. ಬಣ್ಣ ತಿರುಗಿಸುವ ಆದೇಶವನ್ನು ಕಳುಹಿಸಿದೊಡನೆ ಸರಿಹೋಯಿತು.

ಪ್ರತಿ ಪಿಕ್ಸೆಲ್‌ಗೆ 16 ಬಿಟ್‌ಗಳಂತೆ ಒಂದು ಪೂರ್ಣ ಚಿತ್ರಕ್ಕೆ ಸುಮಾರು 12.3 ಲಕ್ಷ ಬಿಟ್‌ಗಳು ಬೇಕಾಗುವುದರಿಂದ, 32 ಮೆಗಾಹರ್ಟ್ಸ್ ವೇಗದಲ್ಲಿ (ಸೆಕೆಂಡಿಗೆ 3.2 ಕೋಟಿ ಬಿಟ್) ಸೆಕೆಂಡಿಗೆ ಗರಿಷ್ಠ 26 ಚಿತ್ರಗಳಷ್ಟೇ ಸಾಧ್ಯ. ಗಡಿಯಾರ, ತಾಪಮಾನಗಳಿಗೆ ಇದು ಧಾರಾಳವಾಗಿ ಸಾಕು. ವಿಡಿಯೊಗೆ ನಾನು ಶಿಫಾರಸು ಮಾಡಲಾರೆ.

ನನಗೆ ಮುಖ್ಯವಾಗಿದ್ದುದು ಕನ್ನಡ. ಪೈಥಾನ್ ಭಾಷೆಯಲ್ಲಿ ಚಿತ್ರ ರಚಿಸುವ ಪಿಲ್ಲೋ ಲೈಬ್ರರಿಯ ಮೂಲಕ ‘ಉಷ್ಣಾಂಶ’ ಎಂದು ಬರೆಸಿದಾಗ ಣಕಾರದ ಒತ್ತು ಷಕಾರದ ಕೆಳಗೆ ಕೂರದೆ ಪಕ್ಕದಲ್ಲಿ ಒಡೆದು ನಿಂತಿತ್ತು, ಅದನ್ನು ನೋಡಿ ನಿಜಕ್ಕೂ ಬೇಸರವಾಯಿತು. ದೋಷ ಪರದೆಯದಲ್ಲ, ಅಕ್ಷರಗಳನ್ನು ಕೂಡಿಸುವ ರಾಕ್ಮ್ ಲೈಬ್ರರಿ ಇಲ್ಲದ್ದೇ ಕಾರಣ. ಅದನ್ನು ಹಾಕಿ, ನೋಟೊ ಸಾನ್ಸ್ ಕನ್ನಡ ಫಾಂಟನ್ನು 28 ಪಿಕ್ಸೆಲ್ ಗಾತ್ರದಲ್ಲಿ ಬಳಸಿದ ಮೇಲೆ, ಮೇಜಿನ ಆಚೆಯಿಂದಲೂ ಒತ್ತಕ್ಷರಗಳು ಸ್ಪಷ್ಟವಾಗಿ ಓದಸಿಗುತ್ತಿವೆ.